ಬ್ರೈಟನ್ನಿನ ಕಡಲೂ ಒಂದು ದಿನದ ಬಿಡುವೂ

ಇಂಗ್ಲೆಂಡಿನ ದಕ್ಷಿಣ ಕರಾವಳಿಯಲ್ಲಿ ಬ್ರೈಟನ್ ಎಂಬ ಪಟ್ಟಣವಿದೆ. ಲಂಡನ್ನಿನಿಂದ 51 ಮೈಲಿ ದೂರ. ರೈಲಿನಲ್ಲಿ ಹೆಚ್ಚುಕಡಿಮೆ ಒಂದು ಗಂಟೆಯ ಪ್ರಯಾಣ. ಆ ಊರಿನ ರೈಲು ನಿಲ್ದಾಣವು ಗುಡ್ಡದ ಮೇಲಿದೆ. ನಿಲ್ದಾಣದ ಬಾಗಿಲಿನಿಂದ ಹೊರಬಿದ್ದೊಡನೆ ಎದುರಿಗೆ ನೇರವಾದೊಂದು ಬೀದಿ ಇಳಿಯುತ್ತ ಹೋಗುತ್ತದೆ. ಬೀದಿಯ ಕೊನೆಗೆ ಕಡಲು. ಹೊಸಬನಿಗೆ ದಾರಿ ಕೇಳುವ ಅಗತ್ಯವೇ ಇಲ್ಲ. ಜನರು ಹೋಗುವ ಕಡೆಗೆ ಹೋದರಾಯಿತು.

ನಾವು ಅಲ್ಲಿಗೆ ಹೋದದ್ದು ಬೇಸಗೆಯ ಒಂದು ಭಾನುವಾರ. ಗಾಡಿಯಿಂದಿಳಿದ ಜನಸ್ತೋಮದೊಡನೆ ನಾವೂ ಇಳಿದೆವು. ಕೈಯಲ್ಲಿ ಬುತ್ತಿಯ ಚೀಲ ಹಿಡಿದ ತಾಯಂದಿರು, ಹೆಗಲ ಮೇಲೆ ಮಗುವನ್ನು ಕೂರಿಸಿಕೊಂಡ ತಂದೆಯರು, ವಾರವಿಡೀ ಕಚೇರಿಯ ಮೇಜಿಗೆ ಬಾಗಿದ್ದ ಬೆನ್ನನ್ನು ನೆಟ್ಟಗೆ ಮಾಡಿಕೊಂಡು ನಡೆಯುತ್ತಿದ್ದ ಗುಮಾಸ್ತರು, ಎಲ್ಲರ ಮುಖದಲ್ಲಿಯೂ ಒಂದೇ ಆತುರ. ಇದನ್ನು ಕಂಡಾಗ ನಮಗೆ ಮುಂಬಯಿಯ ಭಾನುವಾರದ ಸಂಜೆಯೂ ಚೌಪಾಟಿಯೂ ನೆನಪಾದುವು. ಅದರೊಡನೆಯೇ ಇನ್ನೊಂದು ಯೋಚನೆಯೂ ಬಂದಿತು. ಇಷ್ಟು ಜನರಿಗೆ ಇಂದು ಬಿಡುವು. ಆದರೆ ಇವರನ್ನು ಹೊತ್ತು ತಂದ ಗಾಡಿಯ ಚಾಲಕನಿಗೆ? ಇವರಿಗೆ ಚಹ ಕೊಡಲು ಕಾದಿರುವವರಿಗೆ? ಭಾನುವಾರವೆಂಬುದು ಎಲ್ಲರಿಗೂ ಭಾನುವಾರವೇ? ಹೋಟೆಲಿನಲ್ಲಿ ದುಡಿಯುವ ನಮ್ಮ ವಾಚಕರು ಈ ಪ್ರಶ್ನೆಯ ಅರ್ಥವನ್ನು ನಮಗಿಂತ ಚೆನ್ನಾಗಿ ಬಲ್ಲರು. ಬ್ರೈಟನ್ನಿನ ಚರಿತ್ರೆಯಲ್ಲಿ ಈ ಪ್ರಶ್ನೆಗೆ ಒಂದು ದಾರುಣವಾದ ಉತ್ತರವಿದೆ. ಅದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಮೊದಲಿಗೆ ಈ ಊರು ಬಡ ಬೆಸ್ತರ ಬೀಡಾಗಿತ್ತು. ಹದಿನೆಂಟನೆಯ ಶತಮಾನದ ನಡುವಿನಲ್ಲಿ ಸಮೀಪದ ಲ್ಯೂಯಿಸ್ ಊರಿನ ರಿಚರ್ಡ್ ರಸೆಲ್ ಎಂಬ ವೈದ್ಯನು, ಸಮುದ್ರದ ನೀರಿನಲ್ಲಿ ಸ್ನಾನ ಮಾಡುವುದೂ ಆ ನೀರನ್ನು ಕುಡಿಯುವುದೂ ರೋಗಗಳಿಗೆ ಮದ್ದೆಂದು ಪುಸ್ತಕ ಬರೆದನು. ಉಪ್ಪುನೀರು ಕುಡಿಯುವುದನ್ನು ನಮ್ಮ ಕರಾವಳಿಯ ಯಾವ ಅಜ್ಜಿಯೂ ಒಪ್ಪಲಾರಳು. ಆದರೂ ಅಲ್ಲಿನ ಧನವಂತರು ಒಪ್ಪಿದರು. 1783ರಲ್ಲಿ ಯುವರಾಜ ಜಾರ್ಜನು ಇಲ್ಲಿಗೆ ಬಂದನು. ಊರು ಅವನ ಮನಸ್ಸಿಗೆ ಹಿಡಿಯಿತು. ಮುಂದೆ ಅವನು ಜಾನ್ ನ್ಯಾಷ್ ಎಂಬ ಶಿಲ್ಪಿಯಿಂದ ಕಟ್ಟಿಸಿದ ‘ರಾಯಲ್ ಪೆವಿಲಿಯನ್’ ಅರಮನೆಯು ಹೊರಗಿನಿಂದ ನೋಡುವವರಿಗೆ ಹಿಂದುಸ್ಥಾನದ ಗುಂಬಜುಗಳನ್ನೂ ಮಿನಾರುಗಳನ್ನೂ ಹೊತ್ತು ನಿಂತಂತೆ ತೋರುತ್ತದೆ. ಅರಸನು ಬಂದಲ್ಲಿಗೆ ಸಿರಿವಂತರು ಬಂದರು. ಅಂದಿಗೆ ಕಡಲೆಂಬುದು ಕುದುರೆಗಾಡಿಯಲ್ಲಿ ಬರಬಲ್ಲವರ ಸೊತ್ತಾಗಿತ್ತು. ಲಂಡನ್ನಿನ ಕೂಲಿಗಾರನಿಗೆ ಗಾಡಿಯ ಬಾಡಿಗೆಯೂ ಇರಲಿಲ್ಲ, ಅಷ್ಟು ಹೊತ್ತು ಪ್ರಯಾಣ ಮಾಡುವ ಬಿಡುವೂ ಇರಲಿಲ್ಲ.

ಈ ವ್ಯವಸ್ಥೆಯನ್ನು ತಲೆಕೆಳಗೆ ಮಾಡಿದ್ದು ರೈಲು. ಲಂಡನ್ ಮತ್ತು ಬ್ರೈಟನ್ ನಡುವೆ ಹಳಿ ಹಾಸಲು 1837ರಲ್ಲಿ ಪಾರ್ಲಿಮೆಂಟಿನ ಅನುಮತಿ ದೊರೆಯಿತು. ನಡುವೆ ಸುಣ್ಣಕಲ್ಲಿನ ಗುಡ್ಡಗಳು, ಆಳವಾದ ಕಣಿವೆಗಳು. ಔಸ್ ನದಿಯ ಕಣಿವೆಗೆ 37 ಕಮಾನುಗಳ ಸೇತುವೆ ಕಟ್ಟಲು 1 ಕೋಟಿ 10 ಲಕ್ಷ ಇಟ್ಟಿಗೆಗಳು ಬೇಕಾದುವು. ಬ್ರೈಟನ್ನಿಗೆ ಕೆಲವೇ ಮೈಲಿ ಮೊದಲು ಕ್ಲೇಟನ್ ಎಂಬಲ್ಲಿ ಗುಡ್ಡವನ್ನು ಕೊರೆದು ಸುಮಾರು ಒಂದೂಕಾಲು ಮೈಲಿ ಉದ್ದದ ಸುರಂಗ ಮಾಡಿದರು. 1841ರ ಸೆಪ್ಟೆಂಬರ್ 21ರಂದು ಲಂಡನ್ನಿನಿಂದ ಬ್ರೈಟನ್ನಿನವರೆಗೆ ಗಾಡಿ ಓಡಿತು. ನಮ್ಮ ದೇಶದಲ್ಲಿ ಬೋರಿಬಂದರದಿಂದ ಠಾಣೆಗೆ ಮೊದಲ ಪ್ರಯಾಣಿಕರ ಗಾಡಿ ಹೊರಟದ್ದು ಇದಾಗಿ ಹನ್ನೆರಡು ವರ್ಷಗಳೊಳಗೆ, 1853ರಲ್ಲಿ, ಎಂಬುದನ್ನು ವಾಚಕರು ನೆನೆಯಬಹುದು.

ನಿಲ್ದಾಣದ ಕಟ್ಟಡವನ್ನು ಡೇವಿಡ್ ಮೊಕಾಟಾ ಎಂಬ ಶಿಲ್ಪಿಯು ಇಟಲಿಯ ಮಾದರಿಯಲ್ಲಿ ರಚಿಸಿದನು. ನಿಲ್ದಾಣದಿಂದ ಕಡಲ ಕಡೆಗೆ ಜನರು ನೇರವಾಗಿ ಇಳಿದುಹೋಗಲೆಂದು 1845ರಲ್ಲಿ ಕ್ವೀನ್ಸ್ ರೋಡ್ ಎಂಬ ಹೊಸ ಬೀದಿಯನ್ನು ತೆಗೆದರು. ಬೀದಿಗೆ ರಾಣಿಯ ಹೆಸರೇನೋ ಬಂದಿತು. ಆದರೆ ರಾಣಿ ಮಾತ್ರ ಅದೇ ವರ್ಷದ ಬಳಿಕ ಆ ಊರಿನ ಅರಮನೆಗೆ ಬರುವುದನ್ನು ಬಿಟ್ಟಳು. ಎಲ್ಲಿ ಹೋದರೂ ಜನರು ಮುತ್ತುವ ಊರು ವಿಕ್ಟೋರಿಯಾ ರಾಣಿಗೆ ಒಗ್ಗಲಿಲ್ಲ. 1850ರಲ್ಲಿ ಅರಮನೆಯು ಊರಿನ ಆಡಳಿತಕ್ಕೆ ಮಾರಾಟವಾಯಿತು. ಅರಸರು ಹೋದರು, ಗುಮಾಸ್ತರು ಬಂದರು. ಅಗ್ಗದ ‘ಎಕ್ಸ್‌ಕರ್ಷನ್’ ಟಿಕೆಟಿನಲ್ಲಿ ಬೆಳಗ್ಗೆ ಬಂದು, ಕಡಲು ನೋಡಿ, ಸಂಜೆಗೆ ಮನೆ ಸೇರುವ ಪದ್ಧತಿ ಬಳಕೆಗೆ ಬಂದಿತು. 1801ರಲ್ಲಿ ಸುಮಾರು 7 ಸಾವಿರವಿದ್ದ ಊರಿನ ಜನಸಂಖ್ಯೆ 1851ಕ್ಕೆ 65 ಸಾವಿರವಾಗಿತ್ತು. ನಿಲ್ದಾಣದ ಪಕ್ಕದಲ್ಲಿಯೇ ಇಂಜಿನುಗಳ ಕಾರ್ಖಾನೆ ಎದ್ದಿತು. 1852ರಿಂದ 1957ರವರೆಗೆ ಅಲ್ಲಿ 1,200ಕ್ಕೂ ಮಿಕ್ಕಿ ಇಂಜಿನುಗಳು ತಯಾರಾದುವು. ಕಡಲು ನೋಡಲು ಬರುವವರ ಊರೆಂದು ಹೆಸರಾದುದು ಕಬ್ಬಿಣ ಕುಟ್ಟುವವರ ಊರೂ ಆಗಿತ್ತು.

ಈಗ ನಾವು ಹೇಳಬೇಕೆಂದಿದ್ದ ವಿಷಯಕ್ಕೆ ಬರೋಣ.

1861ನೆಯ ಇಸವಿ ಆಗಸ್ಟ್ 25, ಭಾನುವಾರ. ಬ್ರೈಟನ್ ನಿಲ್ದಾಣದಿಂದ ಬೆಳಗ್ಗೆ ಮೂರು ಗಾಡಿಗಳು ಲಂಡನ್ನಿಗೆ ಹೊರಡಬೇಕಾಗಿತ್ತು. ಮೊದಲನೆಯದು ಪೋರ್ಟ್ಸ್‌ಮತ್ತಿನಿಂದ ಬಂದ ವಿಹಾರದ ಗಾಡಿ, ಎರಡನೆಯದು ಬ್ರೈಟನ್ನಿನದೇ ವಿಹಾರದ ಗಾಡಿ, ಮೂರನೆಯದು ನಿತ್ಯದ ಗಾಡಿ. ಒಂದು ಗಾಡಿ ಹೋಗಿ ಐದು ನಿಮಿಷವಾದ ಮೇಲೆಯೇ ಮತ್ತೊಂದನ್ನು ಬಿಡತಕ್ಕದ್ದೆಂಬುದು ಅಂದಿನ ನಿಯಮ. ಆದರೆ ಹೊತ್ತು ಮೀರಿತ್ತು, ಅವಸರ ಹೆಚ್ಚಿತ್ತು. ಮೂರು ಗಾಡಿಗಳೂ ಏಳೇ ನಿಮಿಷಗಳೊಳಗೆ ಒಂದರ ಹಿಂದೊಂದು ಹೊರಟುವು.

ಕ್ಲೇಟನ್ ಸುರಂಗದ ದಕ್ಷಿಣದ ಬಾಯಿಯಲ್ಲಿ ಹೆನ್ರಿ ಕಿಲ್ಲಿಕ್ ಎಂಬ ಸಿಗ್ನಲಿನವನು ಕಾವಲಿಗಿದ್ದನು. ಉತ್ತರದ ಬಾಯಿಯಲ್ಲಿ ಬ್ರೌನ್ ಎಂಬ ಇನ್ನೊಬ್ಬನು. ಇಬ್ಬರ ನಡುವೆ ತಂತಿಯ ಸಂಪರ್ಕ. ಗಾಡಿ ಹಾದುಹೋದೊಡನೆ ಸಿಗ್ನಲು ತಾನಾಗಿಯೇ ‘ಅಪಾಯ’ದ ಗುರುತಿಗೆ ತಿರುಗಬೇಕು, ತಿರುಗದಿದ್ದರೆ ಎಚ್ಚರಿಕೆಯ ಗಂಟೆ ಬಾರಿಸುತ್ತದೆ. ಅಂದು ಮೊದಲ ಗಾಡಿ ಸುರಂಗವನ್ನು ಹೊಕ್ಕಿತು, ಸಿಗ್ನಲು ತಿರುಗಲಿಲ್ಲ, ಗಂಟೆ ಬಾರಿಸಿತು. ಕಿಲ್ಲಿಕ್ ಬ್ರೌನನಿಗೆ ಸುದ್ದಿ ಕೊಡುವಷ್ಟರಲ್ಲಿ ಎರಡನೆಯ ಗಾಡಿ ಬಂದೇ ಬಂದಿತು. ಅವನು ಕೆಂಪು ಬಾವುಟ ಹಿಡಿದು ಹೊರಗೆ ಓಡಿದನು. ಗಾಡಿ ಸುರಂಗದೊಳಗೆ ನುಗ್ಗಿ ಕಣ್ಮರೆಯಾಯಿತು. ಚಾಲಕನು ಬಾವುಟವನ್ನು ಕಂಡನೋ ಇಲ್ಲವೋ ಎಂಬುದು ಕಿಲ್ಲಿಕ್‌ಗೆ ತಿಳಿಯಲಿಲ್ಲ. ‘ಸುರಂಗ ತೆರವಾಯಿತೇ?’ ಎಂದು ತಂತಿಯಲ್ಲಿ ಕೇಳಿದನು. ಮೊದಲ ಗಾಡಿ ಹೊರಬಿದ್ದುದನ್ನು ಕಂಡಿದ್ದ ಬ್ರೌನನು, ಅದನ್ನೇ ಕೇಳುತ್ತಿದ್ದಾನೆಂದು ಬಗೆದು, ‘ತೆರವಾಯಿತು’ ಎಂದು ಉತ್ತರವಿತ್ತನು. ಕಿಲ್ಲಿಕ್ ಬಿಳಿಯ ಬಾವುಟ ತೋರಿಸಿ ಮೂರನೆಯ ಗಾಡಿಯನ್ನು ಬಿಟ್ಟನು.

ಆದರೆ ಎರಡನೆಯ ಗಾಡಿಯ ಚಾಲಕನು ಕೆಂಪು ಬಾವುಟವನ್ನು ಕಂಡಿದ್ದನು. ಕತ್ತಲಲ್ಲಿ ಗಾಡಿ ನಿಲ್ಲಿಸಿ, ಕಾರಣವೇನೆಂದು ತಿಳಿಯಲು ಹಿಂದಕ್ಕೆ ಬರುತ್ತಿದ್ದನು. ಮೂರನೆಯ ಗಾಡಿ ಅದರ ಬೆನ್ನಿಗೆ ಅಪ್ಪಳಿಸಿತು. 23 ಮಂದಿ ಸತ್ತರು. 176 ಮಂದಿ ಗಾಯಗೊಂಡರು. ಒಂದು ದಿನದ ಸಂತೋಷಕ್ಕೆಂದು ಹೊರಟವರು ಸುರಂಗದ ಕತ್ತಲೆಯಲ್ಲಿ ಪ್ರಾಣ ತೆತ್ತರು.

ವಿಚಾರಣೆಯಲ್ಲಿ ಹೊರಬಂದ ಸಂಗತಿಯೊಂದನ್ನು ವಾಚಕರು ಗಮನಿಸಬೇಕು. ಕಿಲ್ಲಿಕ್ ಅಂದು ಇಪ್ಪತ್ತನಾಲ್ಕು ಗಂಟೆಗಳ ಸತತ ಪಾಳಿಯ ಮೇಲಿದ್ದನು. ನಿಯಮದಂತೆಯೇ ದುಡಿದಿದ್ದರೆ ಹದಿನೆಂಟು ಗಂಟೆ, ಅದೇನೂ ಕಡಿಮೆಯಲ್ಲ. ಮತ್ತೆ ಆರು ಗಂಟೆಗಳನ್ನು ಅವನು ಹಣದಾಸೆಗೆ ದುಡಿಯಲಿಲ್ಲ. ಹಾಗೆ ಒಟ್ಟಿಗೆ ದುಡಿದರೆ ಮಾತ್ರ ಅವನಿಗೆ ವಾರದಲ್ಲಿ ಒಂದು ಇಡೀ ದಿನದ ಬಿಡುವು ದೊರೆಯುತ್ತಿತ್ತು. ಸಾವಿರಾರು ಜನರ ವಿಹಾರವನ್ನು ಕಾಯುತ್ತಿದ್ದವನು ತನ್ನ ಒಂದು ದಿನದ ವಿಶ್ರಾಂತಿಯನ್ನು ಹೀಗೆ ನಿದ್ದೆ ಮಾರಿ ಕೊಂಡುಕೊಳ್ಳಬೇಕಾಗಿತ್ತು! ಸರಕಾರದ ತನಿಖಾಧಿಕಾರಿ ಕ್ಯಾಪ್ಟನ್ ಟೈಲರನು ಈ ಪದ್ಧತಿಯನ್ನು ಖಂಡಿಸಿ ಬರೆದನು.

ಯಂತ್ರ ಕೆಟ್ಟಿತು, ಮಾತು ತಪ್ಪಾಗಿ ತಿಳಿಯಿತು, ಗಾಡಿಗಳನ್ನು ಅವಸರದಿಂದ ಬಿಟ್ಟರು; ಇವೆಲ್ಲ ನಿಜವಾದ ಕಾರಣಗಳು. ದಣಿದ ಮನುಷ್ಯನ ಮೇಲೆಯೇ ಎಲ್ಲ ಹೊರೆಯನ್ನೂ ಹೊರಿಸುವುದು ನ್ಯಾಯವಲ್ಲ. ಆದರೆ ಇಷ್ಟೆಲ್ಲ ಒಮ್ಮೆಲೇ ಕೈಕೊಟ್ಟಾಗ ಉಳಿದ ಒಂದೇ ರಕ್ಷೆಯೆಂದರೆ ಎಚ್ಚರವಾಗಿರುವ ಒಬ್ಬ ಮನುಷ್ಯ. ಆ ಎಚ್ಚರವನ್ನು ಗಂಟೆಗಳ ಲೆಕ್ಕದಲ್ಲಿ ಹಿಂಡಿ ತೆಗೆದಿದ್ದರು. ರಾತ್ರಿ ಒಂದು ಗಂಟೆಗೆ ಪಾತ್ರೆ ತೊಳೆದು ಮಲಗಿ ಬೆಳಗ್ಗೆ ನಾಲ್ಕಕ್ಕೆ ಒಲೆ ಹೊತ್ತಿಸಿದವನ ಕೈಯಿಂದ ಕುದಿಯುವ ನೀರು ಜಾರಿದರೆ, ಆ ತಪ್ಪು ಕೈಯದೋ ಗಡಿಯಾರದ್ದೋ? ನಮ್ಮವರು ಹೇಳಲಿ.

ಆ ಮೇಲೆ ಕ್ರಮಗಳು ಬದಲಾದುವು. ನಿಮಿಷಗಳ ಅಂತರವನ್ನು ನಂಬುವುದರ ಬದಲು, ಹಳಿಯ ಒಂದು ಭಾಗದಲ್ಲಿ ಒಂದು ಗಾಡಿಯಿರುವ ತನಕ ಮತ್ತೊಂದನ್ನು ಒಳಗೆ ಬಿಡಕೂಡದೆಂಬ ‘ಬ್ಲಾಕ್’ ಪದ್ಧತಿಗೆ ಈ ದುರ್ಘಟನೆಯಿಂದ ಬಲ ಬಂದಿತು. ಆದರೂ ಪ್ರಯಾಣಿಕರ ಗಾಡಿಗಳಿಗೆ ಅದು ಕಾನೂನಿನಿಂದ ಕಡ್ಡಾಯವಾದದ್ದು 1889ರಲ್ಲಿ. 1871ರಲ್ಲಿ ಜಾನ್ ಲಬಕ್ ಎಂಬವನ ಪ್ರಯತ್ನದಿಂದ ‘ಬ್ಯಾಂಕ್ ಹಾಲಿಡೇ’ಗಳ ಶಾಸನವು ಬಂದಿತು. ಲಬಕನು ಸ್ವತಃ ಬ್ಯಾಂಕಿನ ಒಡೆಯ. ಆದರೂ ಗುಮಾಸ್ತರಿಗೆ ವರ್ಷದಲ್ಲಿ ಕೆಲವು ದಿನಗಳಾದರೂ ಲೆಕ್ಕದ ಪುಸ್ತಕವನ್ನು ಮುಚ್ಚಿಡುವ ಹಕ್ಕು ಬೇಕೆಂದು ಹಟ ಹಿಡಿದವನು. ಆಗಸ್ಟ್ ತಿಂಗಳ ಮೊದಲ ಸೋಮವಾರ ಅಂದು ಅವುಗಳಲ್ಲೊಂದಾಗಿತ್ತು. ಆ ದಿನ ಬ್ರೈಟನ್ನಿನ ಕಡೆಗೆ ಹೊರಡುವ ಗಾಡಿಗಳಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. 1938ರ ಶಾಸನವು ವರ್ಷಕ್ಕೊಂದು ವಾರದ ಸಂಬಳ ಸಹಿತ ರಜೆಗೆ ದಾರಿ ಮಾಡಿತು. ರಜೆಯೆಂಬುದು ಧಣಿಗಳ ದಯೆಯಿಂದ ಉದುರಿದ ಹಣ್ಣಲ್ಲ; ಒಂದೊಂದು ದಿನವನ್ನೂ ಒಂದೊಂದು ತಲೆಮಾರು ಕೇಳಿ ಪಡೆದದ್ದು.

ನಿಲ್ದಾಣದ ಇಂದಿನ ವೈಭವವೂ ಆ ರಜೆಯ ಜನರಿಗಾಗಿಯೇ ಬೆಳೆದದ್ದು. 1882-83ರಲ್ಲಿ ಹಳಿಗಳ ಮೇಲೆ ಕಬ್ಬಿಣ ಮತ್ತು ಗಾಜಿನ ಜೋಡಿ ಮಾಡನ್ನು ಕಟ್ಟಿದರು. ಹಳಿಗಳು ಬಾಗಿದಂತೆ ಮಾಡೂ ಬಾಗಿದೆ. ಅದರಡಿಯಲ್ಲಿ ನಿಂತು ತಲೆಯೆತ್ತಿದಾಗ, ಬೋರಲು ಹಾಕಿದ ದೊಡ್ಡ ಹಡಗಿನ ಒಳಮೈಯನ್ನು ನೋಡಿದಂತೆ ನಮಗೆ ತೋರಿತು. 1933ರ ಜನವರಿ 1ರಿಂದ ಈ ದಾರಿಯಲ್ಲಿ ವಿದ್ಯುತ್ ಗಾಡಿಗಳು ಓಡಲಾರಂಭಿಸಿದುವು. ‘ಬ್ರೈಟನ್ ಬೆಲ್’ ಎಂಬ ಹೆಸರಿನ ಗಾಡಿಯೊಂದು 1972ರವರೆಗೆ ಓಡುತ್ತಿತ್ತು. ಕುಳಿತಲ್ಲಿಗೇ ತಿಂಡಿ ತಂದುಕೊಡುವ ಗಾಡಿ ಅದು. ಅದರ ಬೆಳಗಿನ ತಿಂಡಿಯ ಪಟ್ಟಿಯಿಂದ ಹೊಗೆಯಲ್ಲಿ ಒಣಗಿಸಿದ ಮೀನನ್ನು ತೆಗೆದುಹಾಕಿದಾಗ, ಬ್ರೈಟನ್ನಿನಲ್ಲಿ ಮನೆ ಮಾಡಿಕೊಂಡಿದ್ದ ಪ್ರಸಿದ್ಧ ನಟ ಲಾರೆನ್ಸ್ ಒಲಿವಿಯೆಯವರು ಪ್ರತಿಭಟಿಸಿದರಂತೆ. ಖಾಯಂ ಗಿರಾಕಿಯ ತಿಂಡಿಯನ್ನು ಪಟ್ಟಿಯಿಂದ ತೆಗೆಯುವುದು ಎಂತಹ ಅಪಾಯದ ಕೆಲಸವೆಂದು ಗಲ್ಲೆಯಲ್ಲಿ ಕೂತವರಿಗೆ ನಾವು ವಿವರಿಸಬೇಕಾಗಿಲ್ಲ.

ಬೀದಿಯಿಳಿದು ಕಡಲ ದಂಡೆಗೆ ಬಂದೆವು. ಅಲ್ಲಿ ನಮ್ಮಂತೆ ಮರಳಿಲ್ಲ. ಉರುಟಾದ ನುಣ್ಣನೆಯ ಕಲ್ಲುಗಳು. ತೆರೆ ಹಿಂದಕ್ಕೆ ಸರಿಯುವಾಗ ಅವು ಒಂದಕ್ಕೊಂದು ಉಜ್ಜಿ ಗೊರಗೊರನೆ ಸದ್ದು ಮಾಡುತ್ತವೆ. ನೀರಿನೊಳಕ್ಕೆ ಚಾಚಿಕೊಂಡ ಕಬ್ಬಿಣದ ‘ಪಿಯರ್’ ಕಾಣುತ್ತದೆ. ನಮ್ಮ ಊರಿನ ಧಕ್ಕೆಯಂತೆ ಕಂಡರೂ ಅದು ಮೀನು ಇಳಿಸುವುದಕ್ಕಲ್ಲ. ಜನರು ಕಡಲ ಮೇಲೆ ನಡೆದಾಡುವುದಕ್ಕೆ. 1899ರಲ್ಲಿ ತೆರೆದ ಪ್ಯಾಲೆಸ್ ಪಿಯರ್ ಈಗಲೂ ಜನರಿಂದ ತುಂಬಿರುತ್ತದೆ. ಉದ್ದ 1,700 ಅಡಿಗೂ ಮಿಕ್ಕಿ. ಅದರ ಪಶ್ಚಿಮಕ್ಕೆ 1866ರ ವೆಸ್ಟ್ ಪಿಯರ್. 1975ರಲ್ಲಿ ಅದನ್ನು ಮುಚ್ಚಿದರು. 2003ರಲ್ಲಿ ಎರಡು ಸಲ ಬೆಂಕಿಗೆ ತುತ್ತಾಗಿ ಈಗ ಬರಿಯ ಎಲುಬಿನಂತೆ ನೀರಿನಲ್ಲಿ ನಿಂತಿದೆ. ದಂಡೆಯುದ್ದಕ್ಕೂ ಮಾಗ್ನಸ್ ವೋಕ್ ಎಂಬವನು 1883ರಲ್ಲಿ ಹಾಕಿದ ಪುಟ್ಟ ವಿದ್ಯುತ್ ರೈಲಿದೆ. ಇಂದಿಗೂ ಓಡುತ್ತಿರುವ ವಿದ್ಯುತ್ ರೈಲುಗಳಲ್ಲಿ ಲೋಕದಲ್ಲೇ ಹಳೆಯದು ಅದು. ರಸ್ತೆಯ ಆಚೆ ಬದಿಯಲ್ಲಿ 1864ರ ಗ್ರ್ಯಾಂಡ್ ಮತ್ತು 1890ರ ಮೆಟ್ರೊಪೋಲ್ ಎಂಬ ಭಾರಿ ಹೋಟೆಲುಗಳು ಕಡಲಿಗೆ ಮುಖಮಾಡಿ ನಿಂತಿವೆ.

ಈ ದಂಡೆಯ ಮೇಲೆ ನಮ್ಮ ದೇಶದವನೊಬ್ಬನು ಇವೆಲ್ಲಕ್ಕೂ ಮೊದಲೇ ವ್ಯಾಪಾರ ಹೂಡಿದ್ದನು. ಪಟ್ನಾದಲ್ಲಿ 1759ರಲ್ಲಿ ಹುಟ್ಟಿದ ಡೀನ್ ಮಹಮದ್ ಎಂಬವನೇ ಆತನು. ಕಂಪೆನಿಯ ಸೈನ್ಯದಲ್ಲಿದ್ದು, ಐರ್ಲೆಂಡಿಗೆ ಹೋಗಿ, ಅಲ್ಲಿಯ ಹೆಣ್ಣನ್ನು ಮದುವೆಯಾಗಿ, 1794ರಲ್ಲಿ ತನ್ನ ಪ್ರವಾಸದ ಪುಸ್ತಕವನ್ನು ಪ್ರಕಟಿಸಿದನು. ಭಾರತೀಯನೊಬ್ಬನು ಇಂಗ್ಲಿಷಿನಲ್ಲಿ ಬರೆದು ಅಚ್ಚು ಹಾಕಿಸಿದ ಮೊದಲ ಪುಸ್ತಕವದು. 1810ರಲ್ಲಿ ಲಂಡನ್ನಿನಲ್ಲಿ ‘ಹಿಂದೂಸ್ತಾನಿ ಕಾಫಿ ಹೌಸ್’ ತೆರೆದು ನಮ್ಮ ದೇಶದ ಅಡುಗೆಯನ್ನು ಬಡಿಸಿದನು. ಹೋಟೆಲು ನಡೆಯಲಿಲ್ಲ, 1812ರಲ್ಲಿ ದಿವಾಳಿಯಾದನು. ಪರವೂರಿನಲ್ಲಿ ಹೋಟೆಲಿಟ್ಟು ಕೈಸುಟ್ಟುಕೊಂಡು, ಮತ್ತೆ ಬೇರೆ ಊರಿನಲ್ಲಿ ಒಲೆ ಹೂಡಿದವರ ಕತೆ ನಮ್ಮವರಿಗೆ ಹೊಸದಲ್ಲ. 1814ರಲ್ಲಿ ಬ್ರೈಟನ್ನಿಗೆ ಬಂದು, ಹಬೆಯ ಸ್ನಾನವನ್ನೂ ಮೈ ತಿಕ್ಕುವ ಚಿಕಿತ್ಸೆಯನ್ನೂ ಆರಂಭಿಸಿದನು. ‘ಚಾಂಪೋ’ ಎಂಬ ನಮ್ಮ ನಾಡಿನ ಮಾತೇ ಇಂಗ್ಲಿಷಿನ ‘ಶಾಂಪೂ’. ಇಬ್ಬರು ರಾಜರು ಅವನ ಚಿಕಿತ್ಸೆ ಪಡೆದರು. ಮುದಿತನದಲ್ಲಿ ಸ್ನಾನಗೃಹ ಅವನ ಕೈತಪ್ಪಿತು. 1851ರಲ್ಲಿ ತೀರಿಕೊಂಡ ಅವನ ಗೋರಿ, ನಿಲ್ದಾಣದಿಂದ ಕಡಲಿಗಿಳಿಯುವ ದಾರಿಗೆ ಸಮೀಪದ ಸಂತ ನಿಕೋಲಸ್ ಇಗರ್ಜಿಯ ಅಂಗಳದಲ್ಲಿದೆ.

1914ರ ಡಿಸೆಂಬರಿನಲ್ಲಿ ಇದೇ ನಿಲ್ದಾಣಕ್ಕೆ ಬೇರೊಂದು ಬಗೆಯ ಗಾಡಿಗಳು ಬಂದುವು. ಅವುಗಳಲ್ಲಿದ್ದವರು ಫ್ರಾನ್ಸಿನ ರಣರಂಗದಲ್ಲಿ ಗಾಯಗೊಂಡ ಭಾರತೀಯ ಸಿಪಾಯಿಗಳು. ಹಿಂದುಸ್ಥಾನದ ಮಾದರಿಯ ಆ ಅರಮನೆಯೇ ಅವರಿಗೆ ಆಸ್ಪತ್ರೆಯಾಯಿತು. ಅವರವರ ಆಚಾರಕ್ಕೆ ಭಂಗ ಬಾರದಂತೆ ಒಂಬತ್ತು ಅಡುಗೆಮನೆಗಳನ್ನು ಏರ್ಪಡಿಸಿದರು. ಹಿಂದೂಗಳಿಗೂ ಮುಸಲ್ಮಾನರಿಗೂ ಬೇರೆ ಬೇರೆ ನೀರಿನ ನಲ್ಲಿಗಳಿದ್ದುವು. ಆ ಒಲೆಗಳ ಮುಂದೆ ಹಗಲಿರುಳು ನಿಂತವರೂ ಯುದ್ಧ ಮಾಡಿದವರೇ ಎಂದು ನಾವು ಬಗೆಯುತ್ತೇವೆ. ಮಡಿದ ಹಿಂದೂ ಮತ್ತು ಸಿಖ್ ಯೋಧರಲ್ಲಿ 53 ಮಂದಿಯನ್ನು ಊರ ಹೊರಗಿನ ಪ್ಯಾಚಮ್ ಗುಡ್ಡದ ಮೇಲೆ ದಹನ ಮಾಡಿದರು. 1921ರಲ್ಲಿ ಅನಾವರಣಗೊಂಡ ಬಿಳಿಯ ಅಮೃತಶಿಲೆಯ ‘ಛತ್ರಿ’ ಆ ಜಾಗದಲ್ಲಿದೆ. ಇವರ್ಯಾರೂ ಕಡಲು ನೋಡಲು ಟಿಕೆಟು ಕೊಂಡು ಬಂದವರಲ್ಲ.

ಸಂಜೆ ನಿಲ್ದಾಣಕ್ಕೆ ಹಿಂದಿರುಗುವ ಮೊದಲು ದಂಡೆಯ ಮೇಲಿನ ಒಂದು ಸಣ್ಣ ಅಂಗಡಿಯಲ್ಲಿ ಚಹ ಕುಡಿದೆವು. ನಡುವಯಸ್ಸಿನ ಹೆಂಗಸೊಬ್ಬರು ಬೆಳಗಿನಿಂದ ನಿಂತೇ ಇದ್ದರು. ಕಡಲಿಗೆ ಬೆನ್ನು ಮಾಡಿ ನಿಂತರೆ ಮಾತ್ರ ಗಿರಾಕಿಗೆ ಚಹ ಕೊಡಲಾಗುವಂತೆ ಅಂಗಡಿಯ ರಚನೆಯಿತ್ತು. ‘ಇಷ್ಟು ಜನ ಬಂದಿದ್ದಾರೆ, ನಿಮಗೆ ಭಾನುವಾರ ಬಿಡುವಿಲ್ಲವೇ?’ ಎಂದು ಕೇಳಿದೆವು. ‘ನನ್ನ ಭಾನುವಾರ ಬುಧವಾರ ಬರುತ್ತದೆ’ ಎಂದು ಅವರು ನಕ್ಕರು. ‘ಅಂದು ಏನು ಮಾಡುತ್ತೀರಿ?’ ಎಂದುದಕ್ಕೆ, ‘ಮಧ್ಯಾಹ್ನದವರೆಗೆ ನಿದ್ದೆ. ಆಮೇಲೆ ಇಲ್ಲಿಗೇ ಬಂದು, ಆ ಕಡೆಗೆ ತಿರುಗಿ ಕೂರುತ್ತೇನೆ’ ಎಂದು ಕಡಲನ್ನು ತೋರಿಸಿದರು.

ನಮಗೆ ಕಿಲ್ಲಿಕ್‌ನ ನೆನಪಾಯಿತು. ಅವನಿಗೂ ಈಕೆಗೂ ನಡುವೆ ನೂರೈವತ್ತಕ್ಕೂ ಹೆಚ್ಚು ವರ್ಷಗಳು ಕಳೆದಿವೆ. ಇತರರ ಹಬ್ಬದ ದಿನ ದುಡಿಯುವವರು ಅಂದೂ ಇದ್ದರು, ಇಂದೂ ಇದ್ದಾರೆ, ಮುಂದೆಯೂ ಇರಲೇಬೇಕು. ಊಟಕ್ಕೆ ಕುಳಿತವರೆಲ್ಲರೂ ಬಡಿಸುವವರಾಗಲು ಸಾಧ್ಯವಿಲ್ಲ. ಆದರೆ ಬಡಿಸಿದವನ ಎಲೆಯೂ ಒಂದು ಹೊತ್ತಿಗೆ ಹಾಕಲ್ಪಡಬೇಕು. ಆತನು ತನ್ನ ಬುಧವಾರವನ್ನು ನಿದ್ದೆ ಮಾರಿ ಕೊಳ್ಳುವಂತಾಗಬಾರದು. ಮುಂಬಯಿಯ ಗಿರಣಿಗಳ ಕೆಲಸಗಾರರಿಗೆ ಭಾನುವಾರದ ರಜೆ ಸಿಕ್ಕಿದ್ದು ನಾರಾಯಣ ಮೇಘಾಜಿ ಲೋಖಂಡೆಯವರ ಹೋರಾಟದಿಂದ, 1890ರಲ್ಲಿ. ಮುಂಬಯಿಯ ಅಂಗಡಿ-ಹೋಟೆಲುಗಳ ಕೆಲಸಗಾರನಿಗೆ ವಾರಕ್ಕೊಂದು ದಿನದ ಬಿಡುವು 1948ರ ಕಾಯಿದೆಯ ಬರಹದಲ್ಲಿತ್ತು. ಬರಹದಲ್ಲಿರುವುದು ಎಲ್ಲ ಅಡುಗೆಮನೆಗಳಿಗೂ ತಲುಪಿದೆಯೇ ಎಂಬುದನ್ನು ಧಣಿಗಳೂ ಕೆಲಸಗಾರರೂ ತಮ್ಮ ತಮ್ಮ ಮನಸ್ಸನ್ನು ಕೇಳಿಕೊಳ್ಳಬೇಕು.

ನಮ್ಮ ವಾಚಕರಲ್ಲಿ ಅನೇಕರು ಮುಂಬಯಿಯಲ್ಲಿಯೋ ಮದರಾಸಿನಲ್ಲಿಯೋ ಕಡಲಿಗೆ ಒಂದು ಕೂಗಳತೆಯಲ್ಲಿ ದುಡಿಯುವವರು. ಕಡಲು ನೋಡದೆ ತಿಂಗಳುಗಳೇ ಕಳೆದಿರುವವರೂ ಇರಬಹುದು. ತಮ್ಮ ಪಾಲಿನ ದಿನ ಯಾವುದೇ ಬರಲಿ, ಅಂದು ಒಮ್ಮೆ ಕಡಲಿನ ಕಡೆಗೆ ತಿರುಗಿ ಕೂರಿರಿ ಎಂದು ಮಾತ್ರ ನಾವು ಕೇಳಿಕೊಳ್ಳುತ್ತೇವೆ.

ನಾವು ಹಿಂದಿರುಗುವ ಗಾಡಿ ಹೊರಟಾಗ ಕತ್ತಲಾಗುತ್ತಿತ್ತು. ಬಿಸಿಲಿಗೆ ಕೆಂಪಾದ ಮಕ್ಕಳು ತಾಯಂದಿರ ಮಡಿಲಲ್ಲಿ ನಿದ್ದೆ ಹೋಗಿದ್ದರು. ಕೆಲವೇ ನಿಮಿಷಗಳಲ್ಲಿ ಗಾಡಿ ಕ್ಲೇಟನ್ ಸುರಂಗವನ್ನು ಹೊಕ್ಕಿತು. ಯಾರೂ ತಲೆಯೆತ್ತಿ ನೋಡಲಿಲ್ಲ; ನೋಡಬೇಕಾಗಿಯೂ ಇರಲಿಲ್ಲ. ಎಲ್ಲಿಯೋ ಒಬ್ಬರು ನಮಗಾಗಿ ಎಚ್ಚರವಾಗಿದ್ದರು. ಅವರು ಹಿಂದಿನ ರಾತ್ರಿ ಚೆನ್ನಾಗಿ ನಿದ್ದೆ ಮಾಡಿರಲಿ ಎಂದು ನಾವು ಮನಸ್ಸಿನಲ್ಲಿಯೇ ಹಾರೈಸಿದೆವು.